ಒಟಿಪಿ ಬರಲಿಲ್ಲ ಅಂದರೆ ಅರ್ಜಿಯೇ ಇಲ್ಲ!

ಸರ್ಕಾರಿ ಪೋರ್ಟಲ್‌ಗೆ ಲಾಗಿನ್ ಆಗ್ತಿಲ್ಲ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗೋ ಉತ್ತರ ಎರಡೇ: ‘ಸರ್ವರ್ ಬ್ಯುಸಿ’, ಇಲ್ಲಾಂದ್ರೆ ‘ನಾಳೆ ಬನ್ನಿ’.

ಇದು ತಾಂತ್ರಿಕ ಉತ್ತರವೂ ಅಲ್ಲ, ಆಡಳಿತದ ಉತ್ತರವೂ ಅಲ್ಲ. ಯಾವುದೇ ಎಂಜಿನಿಯರ್ ಮೊದಲು ಹುಡುಕೋದು ದೋಷ ಎಲ್ಲಿದೆ ಅನ್ನೋದನ್ನು. ಅದೇ ಕಂಪ್ಯೂಟರ್‌ನಲ್ಲಿ ಬೇರೆಯವರ ಖಾತೆ ತೆರೆದುಕೊಂಡರೆ, ತೊಂದರೆ ನಿಮ್ಮ ಖಾತೆಯದ್ದು: ಪಾಸ್‌ವರ್ಡ್ ತಪ್ಪಿರಬಹುದು, ಖಾತೆ ಲಾಕ್ ಆಗಿರಬಹುದು. ಬೇರೆ ಬ್ರೌಸರ್‌ನಲ್ಲಿ ತೆರೆದರೆ, ದೋಷ ಬ್ರೌಸರ್‌ನದ್ದು. ಯಾವ ಕಂಪ್ಯೂಟರ್‌ನಲ್ಲೂ ಯಾರದ್ದೂ ತೆರೆಯದಿದ್ದರೆ ಸರ್ವರ್‌ನದ್ದು. ಇನ್ನು ಆಧಾರ್‌ಗೆ ಜೋಡಿಸಿದ ಹಳೇ ಸಿಮ್ ಕಳೆದುಹೋಗಿದ್ದರೆ ಎಷ್ಟು ಸಲ ‘ರೀಸೆಂಡ್’ ಒತ್ತಿದರೂ ಒಟಿಪಿ ಕೈಗೆ ಬರಲ್ಲ. ಮೊದಲು ಅದೇ ನಂಬರ್‌ನ ಸಿಮ್ ಮತ್ತೆ ಪಡೆಯಬೇಕು, ಇಲ್ಲವೇ ಆಧಾರ್‌ನಲ್ಲಿ ನಂಬರ್ ಬದಲಾಗಬೇಕು. ಇಷ್ಟೂ ದೋಷಗಳಿಗೆ ಬೇರೆಬೇರೆ ಮದ್ದು. ಆದರೆ ಪರದೆ ಮೇಲೆ ಬರೋದು ಒಂದೇ ಸಾಲು, ಅದೂ ಎಷ್ಟೋ ಸಲ ಇಂಗ್ಲಿಷ್‌ನಲ್ಲಿ.

2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ಪೋರ್ಟಲ್ ಒತ್ತಡ ತಾಳಲಾರದೆ ಪರದಾಡಿತು. ಕೇಂದ್ರವೇ ಹ್ಯಾಕ್ ಮಾಡಿದೆ ಅಂತ ರಾಜ್ಯದ ಸಚಿವರೊಬ್ಬರು ಹೇಳಿದ್ದು ದೊಡ್ಡ ಸುದ್ದಿಯಾಯಿತು. ಸರತಿಯಲ್ಲಿ ನಿಂತು ವಾಪಸ್ ಹೋದವರ ದಿನಗೂಲಿಯ ಲೆಕ್ಕ ಸುದ್ದಿಯಾಗಲಿಲ್ಲ.

ಅಸಲಿ ಸಮಸ್ಯೆ ಇರೋದು ಇಲ್ಲೇ. ಕರ್ನಾಟಕದಲ್ಲಿ 2012ರ ಏಪ್ರಿಲ್‌ನಿಂದ ‘ಸಕಾಲ’ ಜಾರಿಯಲ್ಲಿದೆ. ಅರ್ಜಿ ಹಾಕಿದರೆ ಒಂದು ಸಂಖ್ಯೆ ಸಿಗುತ್ತೆ, ಗಡುವು ಶುರುವಾಗುತ್ತೆ, ತಡವಾದರೆ ಅಧಿಕಾರಿ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೊಡಬೇಕು. ಒಳ್ಳೆಯ ಕಾನೂನೇ. ಆದರೆ ಈ ಗಡಿಯಾರ ಓಡೋಕೆ ಶುರುವಾಗೋದು ಅರ್ಜಿ ಒಳಗೆ ಹೋದ ಮೇಲೆ. ಲಾಗಿನ್ ಹಂತದಲ್ಲೇ ನಿಂತುಹೋದವರಿಗೆ ಸಂಖ್ಯೆಯೂ ಇಲ್ಲ, ಗಡುವೂ ಇಲ್ಲ, ಮೇಲ್ಮನವಿಯೂ ಇಲ್ಲ. ದಾಖಲೆ ಪ್ರಕಾರ ಅವರು ಅರ್ಜಿಯನ್ನೇ ಹಾಕಿಲ್ಲ! ಕಚೇರಿಯಲ್ಲಿ ಗುಮಾಸ್ತ ಅರ್ಜಿ ವಾಪಸ್ ಕೊಟ್ಟರೆ ‘ಹಿಂಬರಹ ಕೊಡಿ ಸ್ವಾಮಿ’ ಅಂತ ಜಗಳ ಆಡಬಹುದು. ಲಾಗಿನ್ ಪುಟದ ಹತ್ತಿರ ಏನು ಕೇಳೋದು?

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳನ್ನು ಪಡೆಯೋದು ಸಂವಿಧಾನದ 21ನೇ ವಿಧಿಯಡಿ ಜೀವಿಸುವ ಹಕ್ಕಿನ ಭಾಗ ಎಂದಿತು. ಇ-ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದ ಆಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿದೋಷವುಳ್ಳವರು ಹೋರಾಡಿ ಪಡೆದ ತೀರ್ಪಿದು. ‘ನಿಮಗೆ ಬಳಸೋಕೆ ಬರಲ್ಲ’ ಅನ್ನೋ ಮಾತಿಗೆ ಇನ್ನು ಜಾಗವಿಲ್ಲ.

ಹಾಗಾಗಿ ಕೇಳಬೇಕಾದ್ದು ನಾಲ್ಕು. ದೋಷ ಯಾವುದು, ಮುಂದೇನು ಮಾಡಬೇಕು ಅಂತ ಪರದೆ ಕನ್ನಡದಲ್ಲಿ ಹೇಳಲಿ. ವಿಫಲವಾದ ಪ್ರತಿ ಯತ್ನಕ್ಕೂ ದಿನಾಂಕ, ಸಮಯ ಇರುವ ಸಂಖ್ಯೆ ಸಿಗಲಿ. ಸರ್ವರ್ ಕೈಕೊಟ್ಟ ದಿನಗಳಷ್ಟು ಕೊನೆಯ ದಿನಾಂಕ ತಾನಾಗೇ ಮುಂದಕ್ಕೆ ಹೋಗಲಿ. ಅದೇ ಅರ್ಜಿಯನ್ನು ಕಾಗದದ ಮೇಲೆ ತೆಗೆದುಕೊಳ್ಳೋ ಕೌಂಟರ್ ಒಂದು ಎಲ್ಲ ತಾಲ್ಲೂಕಿನಲ್ಲೂ ತೆರೆದಿರಲಿ. ಇದರಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ. ಒಳಗೆ ಬರಲಾಗದವರ ಲೆಕ್ಕವನ್ನೂ ಇಡುವ ಮನಸ್ಸಿದ್ದರೆ ಸಾಕು.