ಮನೆ–ತೋಟ: ಒಂದು ಲೀಟರಿಗೆ ಎಷ್ಟು ಎಣ್ಣೆ?

ಮುಂಬಯಿ, ಪುಣೆಗಳಲ್ಲಿ ನೌಕರಿಯಲ್ಲಿದ್ದುಕೊಂಡು ಊರಿನ ಅಡಿಕೆ ತೋಟವನ್ನೋ ಕಾಫಿ ತೋಟವನ್ನೋ ದೂರದಿಂದಲೇ ನೋಡಿಕೊಳ್ಳುವ ಕುಟುಂಬಗಳು ನಮ್ಮ ವಾಚಕರಲ್ಲಿ ಕೆಲವಾದರೂ ಇವೆ. ಆಳುಗಳು ಸಿಗುವುದು ದುರ್ಲಭವಾದ ಮೇಲೆ ಇಂಥ ಅನೇಕ ತೋಟಗಳಿಗೆ ಕಳೆ ಕೊಚ್ಚುವ ಮಿಷನ್ನು ಬಂದಿದೆ. ಹಣ ಕೊಡುವವರು ಇಲ್ಲಿ, ಮಿಷನ್ನು ನಡೆಸುವವನು ಅಲ್ಲಿ. ಮಳೆಗಾಲದ ನಡುವೆ "ಮಿಷನ್ನು ಸೀಜಾಯಿತು, ಪಿಸ್ಟನ್ನು ಸಿಲಿಂಡರು ಎರಡೂ ಹೊಸದು ಬೇಕಂತೆ" ಎಂದು ಊರಿನಿಂದ ಫೋನು ಬಂದರೆ ಆದದ್ದೇನೆಂದು ಇಲ್ಲಿ ಕುಳಿತು ತಿಳಿಯುವುದು ಕಷ್ಟ. ಪೆಟ್ರೋಲಿಗೆ ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿಯುವುದು ಇದಕ್ಕೆ ಒಂದು ಮುಖ್ಯ ಕಾರಣ. ಆದುದರಿಂದ ಈ ಸಲ ಅದರ ಅಳತೆಯನ್ನೇ ವಿಚಾರ ಮಾಡೋಣ.

1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರ್‌ಸೈಕಲ್ಲನ್ನು ಓಡಿಸಿದ ಹಿರಿಯರಿಗೆ ಈ ಬೆರಕೆ ಹೊಸದಲ್ಲ. ಟೂ ಸ್ಟ್ರೋಕ್ ಎಂಜಿನಿನ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಯಿರುವುದಿಲ್ಲ. ಪೆಟ್ರೋಲಿನೊಡನೆ ಬಂದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ಸವರಿಕೊಂಡು, ಕೊನೆಗೆ ಸುಟ್ಟು ಹೊರಹೋಗುತ್ತದೆ. ಎಣ್ಣೆ ಸಾಲದಿದ್ದರೆ ಪಿಸ್ಟನ್ನು ಕಾದು, ಉಜ್ಜಿ, ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಹಾಗೆಂದು ಒಂದು ಕೈ ಹೆಚ್ಚು ಸುರಿದರೂ ಒಳಿತಲ್ಲ. ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಹೊಗೆ ಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ದಿನವಿಡೀ ಮಿಷನ್ನು ಹೊತ್ತವನು ಆ ಹೊಗೆಯನ್ನು ಕುಡಿಯಬೇಕಾಗುತ್ತದೆ.

ಮೊದಲು ನೋಡಬೇಕಾದದ್ದು ಮಿಷನ್ನಿನ ಜಾತಿ. ಪೆಟ್ರೋಲ್ ಟ್ಯಾಂಕಲ್ಲದೆ ಎಂಜಿನ್ನಿಗೆಂದೇ ಎಣ್ಣೆ ಹಾಕುವ ಬೇರೆ ಬಾಯಿ ಇದ್ದರೆ ಅದು ಫೋರ್ ಸ್ಟ್ರೋಕ್. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಲೇಬಾರದು. ಮರ ಕೊಯ್ಯುವ ಗರಗಸದಲ್ಲಿ ಇನ್ನೊಂದು ಸಣ್ಣ ಟ್ಯಾಂಕು ಇರುತ್ತದೆ. ಅದು ಚೈನಿಗೆ ಮಾತ್ರ.

ಎಷ್ಟು ಬೆರೆಸಬೇಕೆಂಬುದನ್ನು ಮಿಷನ್ನಿನ ಕೈಪಿಡಿಯೇ ಹೇಳಬೇಕು. ಪಕ್ಕದ ತೋಟದವರ ಲೆಕ್ಕ ನಮಗೆ ಸಲ್ಲದು. 50ಕ್ಕೆ 1 ಎಂದಿದ್ದರೆ ಲೀಟರು ಪೆಟ್ರೋಲಿಗೆ 20 ಮಿ.ಲೀ., 40ಕ್ಕೆ 1 ಎಂದಿದ್ದರೆ 25 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಕೆಲವು ತಯಾರಕರು ತಮ್ಮದೇ ಎಣ್ಣೆಗೆ ಒಂದು ಅಳತೆಯನ್ನೂ ಇತರ ಎಣ್ಣೆಗೆ ಮತ್ತೊಂದನ್ನೂ ಹೇಳುತ್ತಾರೆ. ಅದನ್ನು ಗಮನವಿಟ್ಟು ಓದಬೇಕು. ಔಷಧದ ಅಂಗಡಿಯಲ್ಲಿ ಸಿಗುವ 20 ಮಿ.ಲೀ. ಸಿರಿಂಜನ್ನು, ಸೂಜಿ ತೆಗೆದು, ಇದಕ್ಕೆಂದೇ ಮೀಸಲಿಡಿ. 50ಕ್ಕೆ 1 ಆದರೆ ಲೀಟರಿಗೆ ಒಂದು ಸಿರಿಂಜು, 25ಕ್ಕೆ 1 ಆದರೆ ಎರಡು. ಅಕ್ಷರ ಬಾರದವನಿಗೂ ಈ ಲೆಕ್ಕ ತಪ್ಪದು.

ಎಣ್ಣೆಯ ಡಬ್ಬದ ಮೇಲೆ ಗಾಳಿಯಿಂದ ತಣಿಯುವ ಟೂ ಸ್ಟ್ರೋಕ್ ಎಂಜಿನಿಗೆ ಎಂದಿರಬೇಕು. ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂಬ ಗುರುತಿದ್ದರೆ ಹೊಗೆ ಕಡಿಮೆ. ಎಫ್‌ಡಿ ಎಂಜಿನಿನ ಒಳಗನ್ನು ಹೆಚ್ಚು ಶುಚಿಯಾಗಿಡುತ್ತದೆ. ಕಾರಿನ ಎಣ್ಣೆ, ಅದರಲ್ಲೂ ಒಮ್ಮೆ ಬಳಸಿ ತೆಗೆದದ್ದು, ಕೂಡದು. ಬಣ್ಣ ನೋಡಿ ಎಣ್ಣೆಯ ಗುಣ ಹೇಳಲಾಗದು. ಪೆಟ್ರೋಲಿಗೆ ಎಣ್ಣೆ ಬಿದ್ದಿದೆಯೆಂದು ತಿಳಿಯಲಿ ಎಂದೇ ಬಣ್ಣ ಹಾಕಿರುತ್ತಾರೆ.

ಬೆರೆಸುವ ಕ್ರಮ ಸುಲಭ. ಒಲೆ, ಬೀಡಿಗಳಿಂದ ದೂರ, ಬಯಲಿನಲ್ಲಿ, ಪೆಟ್ರೋಲಿಗೆಂದೇ ಮಾಡಿದ ಶುಚಿಯಾದ ಕ್ಯಾನಿಗೆ ಅರ್ಧ ಪೆಟ್ರೋಲು ಹಾಕಿ. ಅಳೆದ ಎಣ್ಣೆಯನ್ನೆಲ್ಲ ಸುರಿದು ಮುಚ್ಚಿ ಕುಲುಕಿ. ಉಳಿದ ಪೆಟ್ರೋಲು ಸೇರಿಸಿ ಮತ್ತೆ ಕುಲುಕಿ. ಟ್ಯಾಂಕಿಗೆ ಹಾಕುವ ಮುನ್ನ ಪ್ರತಿ ಸಲವೂ ಕುಲುಕಬೇಕು, ಎಂಜಿನು ಆರಿರಬೇಕು.

ಈಚೆಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯವಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಸಾಮಾನ್ಯ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ರಷ್ಟಾಗಿದೆ. ಶೇಕಡ 10ಕ್ಕಿಂತ ಹೆಚ್ಚು ಬೇಡವೆಂದು ಹೇಳುವ ಕೈಪಿಡಿಗಳಿವೆ. ಆದಕಾರಣ ಕೊಳ್ಳುವಾಗಲೇ ವಿಚಾರಿಸಿರಿ. ಎಥನಾಲು ನೀರನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಯ ತೇವದಲ್ಲಿ ಬಾಯಿ ಸಡಿಲವಾದ ಕ್ಯಾನನ್ನು ಬಹಳ ದಿನ ಇಟ್ಟರೆ ನೀರೂ ಎಥನಾಲೂ ಬೇರೆಯಾಗಿ ತಳಕ್ಕಿಳಿಯಬಹುದು. ಟ್ಯಾಂಕಿನ ಕೊಳವೆ ಎಳೆಯುವುದು ತಳದಿಂದಲೇ. ಆ ಪದರದಲ್ಲಿ ಎಂಜಿನನ್ನು ಕಾಯುವಷ್ಟು ಎಣ್ಣೆ ಇರುವುದಿಲ್ಲ. ಅಳತೆ ಸರಿಯಿದ್ದೂ ಮಿಷನ್ನು ಕೆಡುವುದು ಹೀಗೆ. ಎರಡು ಮೂರು ವಾರಕ್ಕೆ ಸಾಲುವಷ್ಟು ಮಾತ್ರ ಬೆರೆಸಿ, ಬಾಯಿ ಬಿಗಿದು ನೆರಳಿನಲ್ಲಿಡಿ. ಕಳೆಯ ಕೆಲಸ ಮುಗಿದ ಮೇಲೆ ಟ್ಯಾಂಕು ಬರಿದುಮಾಡಿ, ಎಂಜಿನು ತಾನಾಗಿ ನಿಲ್ಲುವವರೆಗೆ ನಡೆಸಿ ಒಳಗಿಡಿ.

ಮುಂದಿನ ಸಲ ಊರಿಗೆ ಹೋಗುವಾಗ ಮಕ್ಕಳಿಗೆ ಕೊಂಡ ತಿಂಡಿಯ ಪೊಟ್ಟಣದ ಜೊತೆಗೆ ಒಂದು ಸಿರಿಂಜನ್ನೂ ಒಯ್ಯಿರಿ. ಬೆರಕೆಯ ಅಳತೆಯನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಕ್ಯಾನಿಗೆ ಅಂಟಿಸಿರಿ. ಬೆರೆಸಿದ ದಿನವನ್ನು ಬರೆಯಲು ಕೆಳಗೆ ಸ್ವಲ್ಪ ಜಾಗ ಬಿಡಿ. ಮಿಷನ್ನು ನಡೆಸುವವನ ಎದುರಿಗೆ ಒಮ್ಮೆ ನೀವೇ ಬೆರೆಸಿ ತೋರಿಸಿದರೆ, ಮಳೆಗಾಲದ ನಡುವೆ ಅವನ ದಿನಗೂಲಿ ನಿಲ್ಲದು, ನಿಮ್ಮ ತೋಟದ ಕಳೆಯೂ ಉಳಿಯದು.