ಭಾನುವಾರದಿಂದ ಹಿಂದಕ್ಕೆ ಎಣಿಸಿ

ನವೆಂಬರ್ ಮುಗಿಯುತ್ತಾ ಬಂದ ಹಾಗೆ ನನ್ನ ಮೇಜಿನ ಮೇಲೆ ಎರಡು ಬಗೆಯ ಕಾಗದಗಳು ಗುಡ್ಡೆ ಬೀಳತೊಡಗುತ್ತವೆ. ಒಂದು, ಶಾಲಾ ವಾರ್ಷಿಕೋತ್ಸವದ ಪಟ್ಟಿಗಳು. ಇನ್ನೊಂದು, ಸ್ಕೌಟ್ ಹುಡುಗರ ಶಿಬಿರಕ್ಕೆ ಹೆತ್ತವರು ಬರೆದುಕೊಡಬೇಕಾದ ಒಪ್ಪಿಗೆ ಪತ್ರಗಳು. ದಕ್ಷಿಣ ಕನ್ನಡದ ಒಂದು ಇಗರ್ಜಿಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿಯ ಸ್ಕೌಟ್ ಮಾಸ್ಟರ್ ಕೂಡ ಹೌದು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕ್ಯಾಥೊಲಿಕರು ಆಗಮನ ಕಾಲ ಎನ್ನುತ್ತಾರೆ. ಆ ದಿನಗಳಲ್ಲಿ ಒಂದು ಶನಿವಾರ-ಭಾನುವಾರ ಕ್ಯಾಥೊಲಿಕ್ ಹುಡುಗರಿಗಾಗಿ ಬಯಲಿನಲ್ಲಿ ಶಿಬಿರ ನಡೆಸುವುದು ನಮ್ಮಲ್ಲಿ ರೂಢಿ. ನಾನು ಕ್ರೈಸ್ತನಲ್ಲ, ನಮ್ಮ ಮನೆಯ ಹಿತ್ತಲಲ್ಲಿ ನಾಗಬನವಿದೆ. ಆದರೂ ಶಿಬಿರದ ವೇಳಾಪಟ್ಟಿ ಬರೆಯುವ ಕೆಲಸ ನನ್ನದೇ. ‘ದೇವರ ಭಾಗ ನನಗಿರಲಿ, ಗಡಿಯಾರದ ಭಾಗ ನಿಮಗಿರಲಿ ಮಾಸ್ಟ್ರೇ’ ಎಂದು ಮೊದಲ ವರ್ಷ ಫಾದರ್ ಹೇಳಿದ್ದರು. ಈ ಎರಡು ಭಾಗಗಳನ್ನು ಹಾಗೆ ಹಂಚಿಕೊಳ್ಳಲು ಬರುವುದಿಲ್ಲ ಎಂದು ನನಗೆ ತಿಳಿದದ್ದು ಒಬ್ಬ ಹುಡುಗನ ಹುಬ್ಬಿಗೆ ಮೂರು ಹೊಲಿಗೆ ಬಿದ್ದ ಮೇಲೆ.

ಆ ಕತೆ ಮೊದಲು ಹೇಳಿಬಿಡುತ್ತೇನೆ. ಅದು ನಾನು ನಡೆಸಿದ ಮೊದಲ ಶಿಬಿರ. ಭಾನುವಾರ ಐದೂವರೆಗೆ ಏಳುವುದು, ಆರಕ್ಕೆ ಬನ್ನು-ಚಹಾ, ನಂತರ ಗುಡ್ಡ ಹತ್ತುವುದು, ಹತ್ತೂವರೆಗೆ ವಾಪಸು, ಹನ್ನೊಂದಕ್ಕೆ ಬಲಿಪೂಜೆ, ಕೂಡಲೇ ಊಟ. ಕಾಗದದ ಮೇಲೆ ಬಹಳ ಚೆಂದ ಕಾಣುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬನ್ನನ್ನು ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದ್ದೆ. ಆಮೇಲೆ ತಿನ್ನುತ್ತಾನೆ ಎಂದುಕೊಂಡೆ. ಪೂಜೆಯ ನಡುವೆ, ಬಿಸಿಲಲ್ಲಿ ಎಲ್ಲರೂ ನಿಂತಿದ್ದಾಗ, ಕಡಿದ ಬಾಳೆಗಿಡದ ಹಾಗೆ ಅವನು ಮಗುಚಿಬಿದ್ದ. ಹಣೆ ಮುರಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದಾಗ ಒಂದು ನಿಮಿಷದೊಳಗೆ ಕಣ್ಣು ಬಿಟ್ಟ. ಆದರೆ ರಕ್ತ ಕಂಡು ಉಳಿದ ಹುಡುಗರ ಮುಖ ಬಿಳಿಚಿತ್ತು, ನನ್ನದೂ.

ಸಂಜೆ ಅವನ ಮನೆಗೆ ಹೋದೆ. ಬೈಗುಳ ತಿನ್ನಲು ಸಿದ್ಧನಾಗಿಯೇ ಹೋಗಿದ್ದೆ. ಹುಡುಗನ ಅಜ್ಜಿ ಜಗಲಿಯಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ‘ಪರಮ ಪ್ರಸಾದ ತೆಗೊಳ್ಳುವವ ನಡುರಾತ್ರಿಯಿಂದ ಬಾಯಿಗೆ ನೀರೂ ಹಾಕಬಾರದು ಅಂತ ನಾನೇ ಹೇಳಿ ಕಳಿಸಿದ್ದು ಮಾಸ್ಟ್ರೇ’ ಎಂದರು. ಅಜ್ಜಿ ಹೇಳಿದ್ದು ಕಟ್ಟುಕತೆಯಲ್ಲ. ಅವರ ಬಾಲ್ಯದಲ್ಲಿ ನಿಯಮ ಇದ್ದದ್ದೇ ಹಾಗೆ. ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂದು ರೋಮಿನಿಂದ ಆಜ್ಞೆಯಾದದ್ದು 1953ರಲ್ಲಿ. ಗಟ್ಟಿ ಆಹಾರಕ್ಕೆ ಮೂರು ಗಂಟೆ ಸಾಕು ಎಂದಾದದ್ದು 1957ರಲ್ಲಿ. ಪ್ರಸಾದ ಸ್ವೀಕರಿಸುವುದಕ್ಕೆ ಒಂದು ಗಂಟೆ ಮುಂಚಿನವರೆಗೆ ತಿನ್ನಬಹುದು ಎಂಬ ಈಗಿನ ನಿಯಮ 1964ರದ್ದು. ಕಾಯಿಲೆಯವರಿಗೆ ಅದೂ ಇಲ್ಲ. ಅಜ್ಜಿಯ ಅಡುಗೆಮನೆಗೆ ಈ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ. ಮುಟ್ಟಿದೆಯೇ ಎಂದು ಕೇಳಬೇಕಾದವನು ನಾನು. ಕೇಳಿರಲಿಲ್ಲ. ಆ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಚಹಾ ಕೊಟ್ಟು ಕಳಿಸಿದರು.

ಹುಡುಗ ಬಿದ್ದದ್ದು ಯಾಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಲುಗಾಡದೆ ಬಹಳ ಹೊತ್ತು ನಿಂತರೆ ರಕ್ತ ಕಾಲುಗಳಲ್ಲಿ ತಂಗುತ್ತದೆ. ನಡೆಯುವಾಗ ಕಾಲಿನ ಸ್ನಾಯುಗಳು ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತವೆ, ನಿಂತಲ್ಲೇ ನಿಂತಾಗ ಆ ಪಂಪು ಕೆಲಸ ಮಾಡುವುದಿಲ್ಲ. ಬಿಸಿಲಿಗೆ ಚರ್ಮದ ರಕ್ತನಾಳಗಳೂ ಹಿಗ್ಗಿರುತ್ತವೆ. ಹೊಟ್ಟೆ ಖಾಲಿ, ಮೈಯಲ್ಲಿ ನೀರು ಕಡಿಮೆ. ಮಿದುಳಿಗೆ ರಕ್ತ ಸಾಲದಾದಾಗ ಪ್ರಜ್ಞೆ ತಪ್ಪುತ್ತದೆ. ಮಲಗಿಸಿದರೆ ಸರಿಯಾಗುವುದೂ ಅದಕ್ಕೇ. ಬಿದ್ದವನನ್ನು ಎತ್ತಿ ಕೂರಿಸಿ ನೀರು ಕುಡಿಸಲು ಹೋಗುವುದು ನಮ್ಮವರ ಚಾಳಿ. ಅದು ತಪ್ಪು.

ಅಂದಿನಿಂದ ನಾನು ವೇಳಾಪಟ್ಟಿಯನ್ನು ಶನಿವಾರ ಮಧ್ಯಾಹ್ನದಿಂದ ಶುರು ಮಾಡುವುದಿಲ್ಲ. ಭಾನುವಾರದ ಪೂಜೆಯನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ. ಡಿಸೆಂಬರ್ ನಡುವಿನಲ್ಲಿ ನಮ್ಮ ಕಡೆ ಸೂರ್ಯೋದಯ ಸುಮಾರು 6.45ಕ್ಕೆ. ಪೂಜೆ 7.30ಕ್ಕೆ ಇಟ್ಟರೆ ಬೆಳಕಿರುತ್ತದೆ, ಬಿಸಿಲು ಸುಡುವುದಿಲ್ಲ. ಪ್ರಸಾದ ಕೊಡುವಾಗ 8.10 ಆಗುತ್ತದೆ. ಹಾಗಾದರೆ ಏಳು ಗಂಟೆಯೊಳಗೆ ಏನು ತಿಂದರೂ ಅಡ್ಡಿಯಿಲ್ಲ. ಆದ್ದರಿಂದ 6.15ಕ್ಕೆ ಎಲ್ಲರಿಗೂ ಒಂದೊಂದು ಬಟ್ಟಲು ತೆಳು ಗಂಜಿ. ಗಂಜಿಗೆ ಹುಡುಗರು 5.45ಕ್ಕೆ ಏಳಬೇಕು. ಎಂಟು ಗಂಟೆ ನಿದ್ದೆ ಬೇಕೆಂದರೆ 9.45ಕ್ಕೆ ದೀಪ ಆರಬೇಕು. ಶಿಬಿರಾಗ್ನಿ ಒಂಬತ್ತಕ್ಕೆ ಮುಗಿಯಬೇಕು. ಹೀಗೆ ಹಿಂದೆ ಹಿಂದೆ ಹೋದರೆ ಶನಿವಾರ ಮಧ್ಯಾಹ್ನ ಎರಡಕ್ಕೆ ಬಂದು ನಿಲ್ಲುತ್ತೇವೆ. ಭಾನುವಾರ ಒಂದು ಗಂಟೆಗೆ ಹುಡುಗರು ಮನೆಗೆ ಹೊರಡುವುದಾದರೆ ಒಟ್ಟು 23 ಗಂಟೆ. ನಿದ್ದೆ ಎಂಟು, ಅಡುಗೆ-ಊಟ-ಪಾತ್ರೆ ನಾಲ್ಕು, ಡೇರೆ ಕಟ್ಟಿ ಬಿಚ್ಚುವುದಕ್ಕೆ ಮೂರು. ಕೈಯಲ್ಲಿ ಉಳಿಯುವುದು ಎಂಟೇ ಗಂಟೆ.

ಈ ಸಲ ಹೊಸದಾಗಿ ಬಂದ ಫಾದರ್ ಉತ್ಸಾಹಿಗಳು. ಅವರು ಕೊಟ್ಟ ಪಟ್ಟಿಯಲ್ಲಿ ಜಪಸರ, ಶಿಲುಬೆಯ ಹಾದಿ, ಬೈಬಲ್ ರಸಪ್ರಶ್ನೆ, ಎರಡು ಉಪನ್ಯಾಸ, ಪಾಪನಿವೇದನೆ, ಗಾಯನ ಸ್ಪರ್ಧೆ ಎಂದು ಹನ್ನೊಂದು ಬಾಬ್ತುಗಳಿದ್ದವು. ನಾನು ಬೋರ್ಡಿನ ಮೇಲೆ ಕೂಡುವ-ಕಳೆಯುವ ಲೆಕ್ಕ ಮಾಡಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, ‘ಶಿಲುಬೆಯ ಹಾದಿ ಹೇಗೂ ತಪಸ್ಸು ಕಾಲದ್ದು, ತೆಗೀರಿ ಮಾಸ್ಟ್ರೇ’ ಎಂದು ನಕ್ಕರು. ಕೊನೆಗೆ ಉಳಿದದ್ದು ನಾಲ್ಕು: ಪಾಪನಿವೇದನೆ, ಸಂಜೆಯ ಪ್ರಾರ್ಥನೆ, ರಾತ್ರಿ ಅರ್ಧ ಗಂಟೆ ಮೌನ, ಬೆಳಗಿನ ಪೂಜೆ. ಭಾನುವಾರ ಫಾದರ್‌ಗಳಿಗೆ ಎರಡು ಮೂರು ಕಡೆ ಪೂಜೆ ಇರುತ್ತದೆ. ಬೆಳಿಗ್ಗೆ ಬರಲಾಗದಿದ್ದರೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಕರ್ತವ್ಯಕ್ಕೆ ಸಲ್ಲುತ್ತದೆ. ಇದು ತಿಳಿಯದೆ ಶಿಬಿರವನ್ನೇ ರದ್ದು ಮಾಡಿದವರನ್ನು ನಾನು ಬಲ್ಲೆ.

ಪೂಜೆಯ ಪೀಠವನ್ನು ಹುಡುಗರೇ ಕಟ್ಟಬೇಕೆಂಬುದು ನನ್ನ ಹಟ. ಆರು ಬಿದಿರು, ತೆಂಗಿನ ನಾರಿನ ಹಗ್ಗ, ಕಲಿತ ಗಂಟುಗಳು. ಶನಿವಾರ ಮಧ್ಯಾಹ್ನದ ಕೆಲಸ ಇದೊಂದೇ. ಗಂಟು ಸಡಿಲವಾದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ ಎಂದರೆ ಹುಡುಗರು ನಗುತ್ತಾರೆ. ನಾಳೆ ಇದರ ಮೇಲೆ ಪೂಜೆಯ ಪಾತ್ರೆ ಇಡುತ್ತಾರೆ ಎಂದರೆ ಹೇಳದೆಯೇ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಕಟ್ಟಿ ಮುಗಿದ ಮೇಲೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಇಟ್ಟು ಪರೀಕ್ಷಿಸುತ್ತೇವೆ. ಒಮ್ಮೆ ಒಂದು ಕಾಲು ಜಾರಿ ಕ್ಯಾನು ಉರುಳಿತು. ಶನಿವಾರ ಉರುಳಿದ್ದಕ್ಕೆ ಎಲ್ಲರಿಗೂ ಸಂತೋಷವಾಯಿತು.

ಪೀಠ ಯಾವ ಕಡೆಗೆ ಎಂಬುದೂ ವಿಜ್ಞಾನವೇ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ನಿಧಾನ. ಆದ್ದರಿಂದ ಕರಾವಳಿಯಲ್ಲಿ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ತಿರುಗುತ್ತದೆ. ಪೀಠದ ಮೂಡು ದಿಕ್ಕಿಗೆ ಒಂದು ಗೋಡೆಯೋ ತಡಿಕೆಯೋ ಇಲ್ಲದಿದ್ದರೆ ಮೇಣದ ಬತ್ತಿ ನಿಲ್ಲುವುದಿಲ್ಲ. ರೊಟ್ಟಿಯೋ ಕಾಗದದಷ್ಟು ಹಗುರ. ಅದು ಹಾರಿದರೆ ಕ್ಯಾಥೊಲಿಕರಿಗೆ ಎಷ್ಟು ಸಂಕಟ ಎಂದು ನಾನು ವಿವರಿಸಬೇಕಿಲ್ಲ.

ಪಾಪನಿವೇದನೆಗೆ ಜಾಗ ಗೊತ್ತು ಮಾಡುವುದು ಇನ್ನೂ ಸೂಕ್ಷ್ಮ. ಹುಡುಗ ಹೇಳಿದ ಮಾತು ಫಾದರನ್ನು ಬಿಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದು. ಆದರೆ ಯಾವ ಮಗುವೂ ಒಬ್ಬ ದೊಡ್ಡವರ ಜೊತೆ ಮರೆಯಲ್ಲಿ ಒಂಟಿಯಾಗಿ ಇರಬಾರದು. ಅದು ಫಾದರ್ ಆಗಲಿ, ಮಾಸ್ಟ್ರೇ ಆಗಲಿ. ಡೇರೆಯೊಳಗೆ ಬೇಡ, ಕೋಣೆಯೊಳಗೆ ಬೇಡ. ಬಯಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಮರದ ಬುಡದಲ್ಲಿ ಎರಡು ಕುರ್ಚಿ, ಸರತಿಯ ಸಾಲು ಇಪ್ಪತ್ತೈದು ಹೆಜ್ಜೆ ದೂರ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಪಿಸುಮಾತು ಅಷ್ಟು ದೂರ ಬರುವುದಿಲ್ಲ, ಕಣ್ಣಿಗೆ ಮಾತ್ರ ಎಲ್ಲ ಕಾಣುತ್ತದೆ. ಇದನ್ನು ಕೇಳಲು ಹೆತ್ತವರು ಸಂಕೋಚಪಡಬಾರದು. ಒಳ್ಳೆಯ ಫಾದರ್‌ಗಳು ತಾವಾಗಿಯೇ ಹೀಗೆ ಕುಳಿತುಕೊಳ್ಳುತ್ತಾರೆ.

ಈಗ ಒಂದು ಕಷ್ಟದ ಪ್ರಶ್ನೆ. ಸ್ಕೌಟಿಂಗ್‌ನಲ್ಲಿ ಏಳೆಂಟು ಹುಡುಗರ ಗುಂಪಿಗೆ ಪ್ಯಾಟ್ರೋಲ್ ಎನ್ನುತ್ತಾರೆ. ಅಡುಗೆ, ಡೇರೆ, ಆಟ ಎಲ್ಲ ಆ ಗುಂಪಿನದೇ. ನಮ್ಮ ಪ್ಯಾಟ್ರೋಲ್‌ಗಳಲ್ಲಿ ಕ್ಯಾಥೊಲಿಕರಲ್ಲದ ಹುಡುಗರೂ ಇದ್ದಾರೆ. ಶಿಬಿರ ಕ್ಯಾಥೊಲಿಕರಿಗೆ ಎಂದು ಫಲಕ ಹಾಕಿದಾಗ ಒಬ್ಬ ಬಂದು, ‘ಸರ್, ನಾವೇನು ಪಾಪ ಮಾಡಿದ್ದೇವೆ?’ ಎಂದ. ಪಾಪ ಮಾಡಿದವರಿಗೇ ಶಿಬಿರದಲ್ಲಿ ಕುರ್ಚಿ ಹಾಕಿರುವುದು ಮಾರಾಯಾ ಎಂದು ತಮಾಷೆ ಮಾಡಿ ಕಳಿಸಿದೆನಾದರೂ ಮನಸ್ಸಿಗೆ ಕಿರಿಕಿರಿಯಾಯಿತು. ಭಾರತದಲ್ಲಿ ಸ್ಕೌಟಿಂಗ್ ಮೊದಲು ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ. ಆಗ ಭಾರತೀಯ ಹುಡುಗರನ್ನು ಸೇರಿಸುತ್ತಿರಲಿಲ್ಲ. ಹೊರಗೆ ನಿಲ್ಲಿಸಿದ ನೆನಪು ನಮಗೂ ಉಂಟು. 1950ರಲ್ಲಿ ರೂಪುಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ಪ್ರತಿಜ್ಞೆಯಲ್ಲಿ ದೇವರ ಕುರಿತ ಕರ್ತವ್ಯ ಮೊದಲು ಬರುತ್ತದೆ, ಬೇಕಾದವರು ದೇವರು ಎಂಬಲ್ಲಿ ಧರ್ಮ ಎನ್ನಬಹುದು. ಯಾವ ದೇವರು ಎಂದು ಅದು ಹೇಳುವುದಿಲ್ಲ.

ಹಾಗೆಂದು ಎಲ್ಲವನ್ನೂ ಕಲಸುಮೇಲೋಗರ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಕ್ಯಾಥೊಲಿಕ್ ಹುಡುಗನಿಗೆ ಅವನ ಪೂಜೆ ಪೂರ್ತಿಯಾಗಿ ಸಿಗಬೇಕು. ಈ ವರ್ಷ ನಾವು ಮಾಡಿದ್ದು ಹೀಗೆ: ಬರುವ ಆಸೆಯಿದ್ದ ನಾಲ್ವರು ಬೇರೆ ಧರ್ಮದ ಹುಡುಗರು ಮನೆಯವರ ಸಹಿ ತಂದರು. ಪೂಜೆಯ ಹೊತ್ತಿಗೆ ಹಿಂದೆ ಕೂರಬಹುದು, ಬೇಡವಾದರೆ ನನ್ನ ಜೊತೆ ಹಕ್ಕಿ ನೋಡಲು ಬರಬಹುದು, ಒತ್ತಾಯವಿಲ್ಲ. ಶನಿವಾರ ಧ್ವಜ ಇಳಿಸುವಾಗ ಎಂದಿನಂತೆ ಸರ್ವಧರ್ಮ ಪ್ರಾರ್ಥನೆ. ಒಬ್ಬ ಹುಡುಗನ ತಂದೆ ಪತ್ರದ ಕೆಳಗೆ ‘ಮಗ್ರಿಬ್ ನಮಾಜಿಗೆ ಬಿಡಬೇಕಾಗಿ ವಿನಂತಿ’ ಎಂದು ಬರೆದಿದ್ದರು. ಸೂರ್ಯಾಸ್ತ 6.05ರ ಹೊತ್ತಿಗೆ. ಧ್ವಜವನ್ನು ಹೇಗೂ ಅದಕ್ಕೆ ಮುಂಚೆ ಇಳಿಸಬೇಕು. ಪ್ರಾರ್ಥನೆಯನ್ನು ಹತ್ತು ನಿಮಿಷ ಹಿಂದಕ್ಕೆ ತಂದೆವು, ಎರಡೂ ನಡೆದವು. ರಾತ್ರಿಯ ಗಂಜಿಗೆ ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ. ಒಂದು ಹೊತ್ತು ಎಲ್ಲರಿಗೂ ಸಸ್ಯಾಹಾರ ಎಂದಾಗ ಮೀನಿಲ್ಲದೆ ಹೇಗೆ ಎಂದು ಗೊಣಗಿದವರು ಫಾದರ್ ಒಬ್ಬರೇ.

ಜಾಗದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತೆಂಗಿನ ಮರದ ಕೆಳಗೆ, ಒಣ ಕೊಂಬೆಯ ಗೇರುಮರದ ಕೆಳಗೆ ಡೇರೆ ಹಾಕಬೇಡಿ. ಕಟ್ಟೆಯಿಲ್ಲದ ಬಾವಿಯಿದ್ದರೆ ಆ ಜಾಗವೇ ಬೇಡ. ಶೌಚದ ಗುಂಡಿ ಬಾವಿಯಿಂದ ಮೂವತ್ತು ಮೀಟರಾದರೂ ದೂರವಿರಲಿ, ಬಾವಿಗಿಂತ ತಗ್ಗಿನಲ್ಲಿರಲಿ. ಕುಡಿಯುವ ನೀರು ಕೊತಕೊತ ಕುದಿಯಲಿ. ಮುಳಿಹುಲ್ಲು ಒಣಗಿದ ಗುಡ್ಡದಲ್ಲಿ ಬೆಂಕಿ ಹಾಕಲೇಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಅದಕ್ಕೆ ಒಂದು ವಾಹನ ರಾತ್ರಿಯಿಡೀ ಅಲ್ಲೇ ನಿಂತಿರಲಿ.

ರಾತ್ರಿಯ ಅರ್ಧ ಗಂಟೆಯ ಮೌನ ನನಗೆ ಎಲ್ಲಕ್ಕಿಂತ ಪ್ರಿಯ. ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರನ್ನು ಬಯಲಿಗೆ ಕರೆದೊಯ್ದರು. ಆ ಬಯಲಿನಲ್ಲೇ ಪ್ರಾರ್ಥನೆಗೂ ಜಾಗವಿದೆ ಎಂದು ಕಂಡು ಕ್ಯಾಥೊಲಿಕ್ ಸ್ಕೌಟಿಂಗ್‌ಗೆ ರೂಪ ಕೊಟ್ಟವರಲ್ಲಿ ಫ್ರಾನ್ಸಿನ ಜೆಸ್ವಿಟ್ ಪಾದ್ರಿ ಜಾಕ್ ಸೆವಿನ್ ಪ್ರಮುಖರು. ಅಲ್ಲಿಯ ಸಂಸ್ಥೆ ಹುಟ್ಟಿದ್ದು 1920ರಲ್ಲಿ. ನಮ್ಮ ಕ್ರಮ ಸರಳ. ಬೆಂಕಿ ನಂದಿಸಿ, ಟಾರ್ಚು-ಮೊಬೈಲುಗಳನ್ನು ಒಂದು ಬುಟ್ಟಿಗೆ ಹಾಕಿ, ಚಾಪೆಯ ಮೇಲೆ ಅಂಗಾತ ಮಲಗುವುದು. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ಡಿಸೆಂಬರ್ 13-14ರ ಆಸುಪಾಸಿನ ರಾತ್ರಿಯಾದರೆ ಮಿಥುನ ರಾಶಿಯ ಉಲ್ಕೆಗಳೂ ಕಾಣುತ್ತವೆ. ಪಂಚಾಂಗ ತೆಗೆದು ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಎಂದು ಮೊದಲೇ ನೋಡಿಕೊಳ್ಳಿ.

ಮೌನ ಮುಗಿದ ಮೇಲೆ ನಾನು ಎರಡೇ ಮಾತು ಹೇಳುತ್ತೇನೆ. ಪೂರ್ವದಲ್ಲಿ ಏರುತ್ತಿರುವ ಮೃಗಶಿರವನ್ನೂ ನೆತ್ತಿಯ ಹತ್ತಿರದ ಕೃತ್ತಿಕೆಯನ್ನೂ ತೋರಿಸಿ, ಇವೆರಡೂ ಬೈಬಲಿನ ಯೋಬನ ಗ್ರಂಥದಲ್ಲಿ ಬರುತ್ತವೆ ಎನ್ನುತ್ತೇನೆ. ನಮ್ಮ ಅಜ್ಜಂದಿರು ಮಳೆ ಎಣಿಸಿದ್ದೂ ಇವುಗಳ ಹೆಸರಿನಲ್ಲೇ. ಕೃತ್ತಿಕೆಯ ದೂರ ಸುಮಾರು 440 ಬೆಳಕಿನ ವರ್ಷ. ಅಂದರೆ ಈಗ ನಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ರೋಮಿನಲ್ಲಿ ಕ್ಲೇವಿಯಸ್ ಎಂಬ ಜೆಸ್ವಿಟ್ ಗಣಿತಜ್ಞ, ನಾವೆಲ್ಲ ಇಂದು ಬಳಸುವ ಕ್ಯಾಲೆಂಡರಿನ ಲೆಕ್ಕ ನೋಡುತ್ತಿದ್ದರು. ಅದು ಜಾರಿಗೆ ಬಂದದ್ದು 1582ರಲ್ಲಿ. ‘ಪಾದ್ರಿಗಳು ಲೆಕ್ಕ ಮಾಡುತ್ತಿದ್ದರಾ ಸರ್?’ ಎಂದು ಒಬ್ಬ ಕೇಳಿದ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿದ ಲೆಮೈತ್ರ್ ಕೂಡ ಪಾದ್ರಿ ಎಂದೆ. ಕತ್ತಲಲ್ಲಿ ಯಾರೋ ‘ನಮ್ಮ ಫಾದರ್‌ಗೆ ಹನ್ನೊಂದರಲ್ಲಿ ಏಳು ಕಳೆಯಲು ಮಾಸ್ಟ್ರು ಬೇಕಾಯಿತು’ ಎಂದರು. ದನಿ ಫಾದರದ್ದೇ.

ಒಪ್ಪಿಗೆ ಪತ್ರದಲ್ಲಿ ನಾನು ನಾಲ್ಕು ಪ್ರಶ್ನೆ ಹಾಕುತ್ತೇನೆ. ಹುಡುಗನಿಗೆ ಯಾವ ಔಷಧಿ? ಯಾವುದು ಒಗ್ಗುವುದಿಲ್ಲ? ರಾತ್ರಿ ಫೋನು ಮಾಡಿದರೆ ಎತ್ತುವವರು ಯಾರು? ನಾಲ್ಕನೆಯದು ಹುಬ್ಬಿನ ಹೊಲಿಗೆಯ ವರ್ಷದಿಂದ ಸೇರಿಕೊಂಡದ್ದು: ಅವನ ಉಪವಾಸದ ಬಗ್ಗೆ ಮನೆಯಲ್ಲಿ ಏನು ಹೇಳಿದ್ದೀರಿ? ಈ ಸಲ ಒಂದು ಪತ್ರದಲ್ಲಿ ಆ ಪ್ರಶ್ನೆಯ ಮುಂದೆ ನಡುಗುವ ಪೆನ್ಸಿಲ್ ಅಕ್ಷರದಲ್ಲಿ ಹೀಗಿತ್ತು: ‘ಒಂದು ಗಂಟೆ ಸಾಕು ಅಂತ ಫಾದರ್ ಹೇಳಿದ್ದಾರೆ. ನನಗೆ ಸಮಾಧಾನ ಇಲ್ಲ. ಆದರೂ ಅವನಿಗೆ ಗಂಜಿ ಕೊಡಿ.’