ನೀರಿನ ಹಾದಿ

ಊರು ಬೆಳೆಯುವುದು ಸಹಜ. ಜನ ಹೆಚ್ಚಿದಂತೆ ಮನೆಗಳು ಹೆಚ್ಚುತ್ತವೆ. ಮನೆಗಳು ಹೆಚ್ಚಿದಂತೆ ಅಂಗಡಿಗಳು ಬೇಕಾಗುತ್ತವೆ. ವಾರಕ್ಕೊಮ್ಮೆ ಸಂತೆ ಸೇರುತ್ತಿದ್ದ ಹಳ್ಳಿಗಳನ್ನು ನಗರವು ತನ್ನೊಳಗೆ ಸೇರಿಸಿಕೊಂಡು, ಹಲವು ಅಂತಸ್ತುಗಳ ಮಾಲ್‌ಗಳನ್ನು ಎಬ್ಬಿಸಿದೆ. ಇದನ್ನು ಕಂಡು ಹಳಹಳಿಸುವುದರಿಂದ ಪ್ರಯೋಜನವಿಲ್ಲ. ಆದರೆ ದೊಡ್ಡದೊಂದು ಕಟ್ಟಡ ಏಳುವ ಮೊದಲು, ಅದು ಏಳುವ ನೆಲ ಎಂತಹುದು, ಅದರಿಂದ ಯಾರಿಗೆ ಏನಾಗುತ್ತದೆ ಎಂದು ಕೇಳುವ ಹಕ್ಕು ಸುತ್ತಲಿನ ನಿವಾಸಿಗಳಿಗೆ ಉಂಟೇ? ಉಂಟು. ಅದು ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಆ ಕರ್ತವ್ಯವನ್ನು ಸಕಾಲದಲ್ಲಿ ಮಾಡಬೇಕೆಂಬುದಕ್ಕೆ ಬೆಂಗಳೂರಿನ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಣ ಭೂಮಿಯ ವೃತ್ತಾಂತವೇ ನಿದರ್ಶನ.

ಬೆಂಗಳೂರು ನದೀತೀರದ ನಗರವಲ್ಲ. ಎತ್ತರದ ದಿಣ್ಣೆಯ ಮೇಲೆ ನೆಲೆಸಿದ ಊರು. ಇಲ್ಲಿ ಸುರಿದ ಮಳೆ ಹೆಬ್ಬಾಳ, ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಎಂಬ ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಇದನ್ನು ಅರಿತ ಹಿರಿಯರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವ ಹೊಣೆ ನೀರುಗಂಟಿಯದಾಗಿತ್ತು. ಅಗರದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನ ನೀರು ವೈಟ್‌ಫೀಲ್ಡ್ ಸಮೀಪದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹೀಗೆ ಎರಡು ಕೆರೆಗಳ ನಡುವೆ ಇರುವ ತಗ್ಗು ನೆಲ ಬರಿಯ ಖಾಲಿ ನಿವೇಶನವಲ್ಲ. ಉಕ್ಕಿ ಬಂದ ನೀರನ್ನು ಹೀರಿಕೊಂಡು, ತಡೆದು, ಮೆಲ್ಲನೆ ಮುಂದಕ್ಕೆ ಕಳುಹಿಸುವ ಜಾಗ ಅದು.

ಅಂತಹ ತಗ್ಗಿನಲ್ಲಿ, ಸುಮಾರು 80 ಎಕರೆ ಪ್ರದೇಶದಲ್ಲಿ, ಕಛೇರಿಗಳು, ವಸತಿ ಕಟ್ಟಡಗಳು, ಹೋಟೆಲುಗಳು ಹಾಗೂ ಮಾಲ್ ಒಂದನ್ನು ಒಳಗೊಂಡ ಬೃಹತ್ ಸಂಕೀರ್ಣಗಳನ್ನು ನಿರ್ಮಿಸಲು ಎರಡು ಖಾಸಗಿ ಕಂಪನಿಗಳು ಮುಂದಾದವು. ಫಾರ್ವರ್ಡ್ ಫೌಂಡೇಷನ್, ಸಿಟಿಜನ್ಸ್ ಆ್ಯಕ್ಷನ್ ಫೋರಂ ಮೊದಲಾದ ನಾಗರಿಕ ಸಂಸ್ಥೆಗಳೂ ಕೆಲವು ನಿವಾಸಿಗಳೂ ಇದನ್ನು ವಿರೋಧಿಸಿದರು. ರಾಜಕಾಲುವೆಗಳು ಒತ್ತುವರಿಯಾಗುತ್ತವೆ, ನೀರು ಹಿಡಿದಿಡುವ ಜೌಗು ನೆಲ ನಾಶವಾಗುತ್ತದೆ ಎಂದು ಅವರು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕರು. 2015ರ ಮೇ 7ರಂದು ನ್ಯಾಯಮಂಡಳಿಯು ನಿಯಮೋಲ್ಲಂಘನೆಗಾಗಿ ಒಂದು ಕಂಪನಿಗೆ 117 ಕೋಟಿ ರೂಪಾಯಿಗೂ ಮಿಗಿಲಾದ ದಂಡವನ್ನು ವಿಧಿಸಿತು. ಇನ್ನೊಂದು ಕಂಪನಿಗೂ ಕೋಟಿಗಟ್ಟಲೆ ದಂಡ ಬಿತ್ತು. 2016ರ ಮೇ 4ರಂದು ಅದು ಇನ್ನೂ ಮುಂದೆ ಹೋಯಿತು. ಆಗ ಜಾರಿಯಲ್ಲಿದ್ದ 2015ರ ಪರಿಷ್ಕೃತ ನಗರಯೋಜನೆಯ ಪ್ರಕಾರ ಕೆರೆಯ ಅಂಚಿನಿಂದ 30 ಮೀಟರುಗಳವರೆಗೆ ಕಟ್ಟಡ ಕಟ್ಟುವಂತಿರಲಿಲ್ಲ. ಆ ಅಂತರವನ್ನು ನ್ಯಾಯಮಂಡಳಿ 75 ಮೀಟರುಗಳಿಗೆ ಹೆಚ್ಚಿಸಿತು.

ನಾಗರಿಕರು ಹರ್ಷಪಟ್ಟರು. ಆದರೆ ಆ ಹರ್ಷ ಬಹುಕಾಲ ಉಳಿಯಲಿಲ್ಲ. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು 75 ಮೀಟರುಗಳ ಆದೇಶವನ್ನು ರದ್ದುಪಡಿಸಿತು. ಕಾನೂನಿನ ಕ್ರಮದಂತೆ ರಚಿತವಾದ ನಗರಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂಬುದೇ ಅದರ ಕಾರಣ.

ಈ ತೀರ್ಪಿನಿಂದ ನಿರಾಶರಾಗುವುದಕ್ಕಿಂತ ಅದರಿಂದ ಪಾಠ ಕಲಿಯುವುದು ಲೇಸು. ಕೆರೆಗೆ ಎಷ್ಟು ಜಾಗ ಬಿಡಬೇಕೆಂಬುದು ನಗರಯೋಜನೆಯಲ್ಲಿ ನಿಶ್ಚಯವಾಗತಕ್ಕ ವಿಷಯ. ಯೋಜನೆಯ ಕರಡನ್ನು ಪ್ರಕಟಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಕೇಳುವ ಪದ್ಧತಿ ಕಾನೂನಿನಲ್ಲಿಯೇ ಇದೆ. ಆ ಹೊತ್ತಿನಲ್ಲಿ ನಕ್ಷೆಯನ್ನು ಬಿಡಿಸಿ ನೋಡುವವರು ಎಷ್ಟು ಮಂದಿ? ಅಡಿಪಾಯ ತೋಡಿದ ಮೇಲೆ ಎಚ್ಚೆತ್ತುಕೊಳ್ಳುವುದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆಯೇ ಸರಿ.

ಇಂತಹ ವಿರೋಧವನ್ನು ಕೆಲವರು ಪ್ರಗತಿಗೆ ಅಡ್ಡಗಾಲು ಎನ್ನುತ್ತಾರೆ. ಮಾಲ್ ಬಂದರೆ ಸಾವಿರಾರು ಮಂದಿಗೆ ಉದ್ಯೋಗ ದೊರೆಯುತ್ತದೆ, ಸರ್ಕಾರಕ್ಕೆ ತೆರಿಗೆ ಬರುತ್ತದೆ ಎಂಬುದು ಅವರ ವಾದ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅಂಗಡಿಯನ್ನು ಬೇರೊಂದು ಕಡೆ ಕಟ್ಟಬಹುದು. ನೀರು ಇಳಿದು ಬರುವ ತಗ್ಗನ್ನು ಬೇರೊಂದು ಕಡೆ ಕಟ್ಟಲಾಗದು. 2022ರ ಸೆಪ್ಟೆಂಬರಿನಲ್ಲಿ ಭಾರಿ ಮಳೆ ಸುರಿದಾಗ ಬೆಳ್ಳಂದೂರಿನ ಸುತ್ತಮುತ್ತ ಹೊರವರ್ತುಲ ರಸ್ತೆಯೇ ಹೊಳೆಯಾಯಿತು. ಹೆಸರಾಂತ ಕಂಪನಿಗಳ ಉದ್ಯೋಗಿಗಳು ಟ್ರ್ಯಾಕ್ಟರುಗಳನ್ನೇರಿ ಕಛೇರಿಗೆ ಹೋಗಬೇಕಾಯಿತು. ಹಾದಿ ತಪ್ಪಿದ ನೀರು ಬಡವರ ಗುಡಿಸಲು, ಸಿರಿವಂತರ ಬಂಗಲೆ ಎಂಬ ಭೇದವೆಣಿಸದೆ ಎಲ್ಲೆಡೆಯೂ ನುಗ್ಗಿತು. ನೀರಿನ ಹಾದಿಯನ್ನು ಕಾಯುವುದು ಪ್ರಗತಿಗೆ ವಿರೋಧವಲ್ಲ. ಪ್ರಗತಿಯನ್ನು ಕಾಯುವ ಕೆಲಸವೇ ಆಗಿದೆ.

ಆದರೂ ಇನ್ನೊಬ್ಬರನ್ನು ಪ್ರಶ್ನಿಸುವವರು ತಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಕೆರೆಯಿಂದ ಮತ್ತೆ ಹೊಗೆಯೆದ್ದಿತು. ನೀರಿನ ಮೇಲೆ ಬೆಂಕಿ ಕಾಣಿಸಿತೆಂಬ ಸುದ್ದಿ ಲೋಕವನ್ನೇ ಬೆರಗುಗೊಳಿಸಿತು. ಆ ಕೆರೆಯನ್ನು ಕೆಡಿಸಿದ್ದು ಯಾವುದೋ ಒಂದು ಕಟ್ಟಡವಲ್ಲ. ನಗರದ ಲಕ್ಷಾಂತರ ಮನೆಗಳ ಕೊಳಚೆಯೂ ಸಾಬೂನಿನ ನೀರೂ ಶುದ್ಧಿಯಾಗದೆ ಅದರೊಳಗೆ ಸೇರಿದ್ದವು. ಮಾಲ್ ಬೇಡವೆಂದು ಕೂಗುವ ನಿವಾಸಿಯೂ ತನ್ನ ಮನೆಯ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದಿರಬೇಕು. ಆಗ ಅವನ ಮಾತಿಗೆ ತೂಕ ಬರುತ್ತದೆ.

ಹಿಂದೆ ಕೆರೆಯ ನೀರನ್ನು ಕಾಯುವುದಕ್ಕೆ ನೀರುಗಂಟಿಯಿದ್ದನು. ಇಂದಿನ ನಗರದಲ್ಲಿ ಅವನಿಲ್ಲ. ಅವನು ಹೊತ್ತ ಹೊಣೆ ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಈಗ ನಾಗರಿಕರೆಲ್ಲರೂ ಹಂಚಿಕೊಳ್ಳಬೇಕಾಗಿದೆ. ತಮ್ಮ ಊರಿನ ಮಳೆನೀರು ಯಾವ ಹಾದಿಯಲ್ಲಿ ಹರಿದು ಯಾವ ಕೆರೆಯನ್ನು ಸೇರುತ್ತದೆ ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಅರಿತುಕೊಂಡರೆ, ಮುಂದೆ ಊರಿನ ನಕ್ಷೆ ತಮ್ಮೆದುರು ಬಂದಾಗ ಅದನ್ನು ಓದಬಲ್ಲರು. ಕೇಳತಕ್ಕ ಪ್ರಶ್ನೆಯನ್ನು ಕೇಳತಕ್ಕ ಕಾಲದಲ್ಲಿಯೇ ಕೇಳಬಲ್ಲರು.